ಹಾವು ಉಳಿಸಲು ಮೊಲ ಕೊಂದ ದ್ವೀಪ: ರೌಂಡ್ ಐಲ್ಯಾಂಡ್ ಬೋವಾ ಬಗ್ಗೆ ಗೊತ್ತಿರುವವರು ಹೇಳಿ

ಕಡಲಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯವರ ಜೊತೆ ಮಾರಿಷಸ್‌ಗೆ ಹೋಗಿದ್ದೆ. ಉತ್ತರದ ಕಡೆಯಿಂದ ದೋಣಿಯಲ್ಲಿ ಹೋಗುವಾಗ ದೂರದಲ್ಲಿ ಗುಡ್ಡದಂಥ ಒಂದು ದ್ವೀಪ ಕಾಣಿಸಿತು. ಅದು ರೌಂಡ್ ಐಲ್ಯಾಂಡ್, ಅಲ್ಲಿ ಯಾರೂ ಇಳಿಯುವ ಹಾಗಿಲ್ಲ, ಅಲ್ಲಿರುವ ಹಾವು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದು ದೋಣಿಯವನು ಹೇಳಿದ. ನಾನು ಸುಮ್ನೆ ಕಥೆ ಹೊಡೀತಾನೆ ಅಂದುಕೊಂಡೆ. ಊರಿಗೆ ಬಂದ ಮೇಲೆ ಸ್ವಲ್ಪ ಓದಿದೆ, ನಿಜವೇ. ಆದರೆ ಓದಿದಷ್ಟೂ ಗೊಂದಲ ಜಾಸ್ತಿ ಆಯಿತು. ಅಲ್ಲಿ ಯಾರೂ ಕಾಡು ಕಡಿದಿಲ್ಲ, ಮನೆ ಕಟ್ಟಿಲ್ಲ, ರಸ್ತೆ ಮಾಡಿಲ್ಲ, ಜನ ನೆಲೆಸಿಯೇ ಇಲ್ಲ. ಆದರೂ ಹಾವಿಗೆ ಜಾಗ ಇಲ್ಲದ ಹಾಗೆ ಆಯಿತು ಎನ್ನುತ್ತಾರೆ. ಅದಕ್ಕೆ ಕಾರಣ ಆಡು ಮತ್ತು ಮೊಲವಂತೆ! ಆಮೇಲೆ ಆ ಆಡು, ಮೊಲಗಳನ್ನೆಲ್ಲ ಒಂದೂ ಬಿಡದೆ ಕೊಂದರಂತೆ.

ನನ್ನ ಪ್ರಶ್ನೆ ಏನೆಂದರೆ, ಮೊಲ ಹುಲ್ಲು ತಿನ್ನುತ್ತದೆ, ಹಾವು ಹಲ್ಲಿ ತಿನ್ನುತ್ತದೆ, ಇವೆರಡಕ್ಕೂ ಏನು ಸಂಬಂಧ? ಮತ್ತೆ ಒಂದು ಜೀವ ಉಳಿಸಲು ಸಾವಿರಾರು ಜೀವ ತೆಗೆಯುವುದು ಸರಿನಾ? ಬಯ್ಯಬೇಡಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ತರ್ಲೆ_ತಿಮ್ಮ:

ಅಯ್ಯೋ, ಅದು ಹೆಜ್ಜೆಗೊಂದು ವಿಷದ ಹಾವು ಇರುವ ದ್ವೀಪ ಅಲ್ವಾ? ವಿಡಿಯೋ ನೋಡಿದ್ದೆ. ಬದುಕಿ ಬಂದಿದ್ದೇ ಪುಣ್ಯ ನಿಮ್ಮದು.

ಹಾವೂರು:

ತಿಮ್ಮಣ್ಣ, ನೀವು ನೋಡಿದ್ದು ಬ್ರೆಜಿಲ್‌ನ ಕೇಮಾಡಾ ಗ್ರಾಂಡೆ, ಸಾವೊ ಪಾಲೊ ಕರಾವಳಿಯ ಹತ್ತಿರ ಇರುವುದು. ಇದು ಹಿಂದೂ ಮಹಾಸಾಗರ. ಇಲ್ಲಿನ ಹಾವಿಗೆ ವಿಷವೇ ಇಲ್ಲ.

ಕಡಲಂಚು ಅವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ, ಬಯ್ಯುವುದೇನಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಇದ್ದಾಗ ಓದಿ.

ಮೊದಲು ದ್ವೀಪದ ವಿಷಯ. ಮಾರಿಷಸ್‌ನಿಂದ ಈಶಾನ್ಯಕ್ಕೆ ಸುಮಾರು 22 ಕಿಲೋಮೀಟರ್. ವಿಸ್ತೀರ್ಣ 219 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಐನೂರು ಎಕರೆಗೆ ಸ್ವಲ್ಪ ಮೇಲೆ. ಎತ್ತರ 280 ಮೀಟರ್. ಅಂದರೆ ಸಮತಟ್ಟು ಜಾಗವೇ ಕಡಿಮೆ, ಎಲ್ಲಾ ಕಡೆ ಇಳಿಜಾರು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲು ಅದು. ಮೇಲೆ ಮಣ್ಣು ಇರುವವರೆಗೂ ಸರಿ, ಮಣ್ಣು ಜಾರಿದರೆ ಮಳೆ ನೀರು ಕಲ್ಲನ್ನೇ ಕೊರೆದು ಕೊರಕಲು ಮಾಡುತ್ತದೆ.

ಈಗ ಆಡು, ಮೊಲ. 19ನೇ ಶತಮಾನದಲ್ಲಿ ತಂದು ಬಿಟ್ಟಿದ್ದು. ಹಡಗಿನವರಿಗೆ ಮಾಂಸ ಸಿಗಲಿ ಎಂದು ಆಗ ಕಂಡ ಕಂಡ ದ್ವೀಪದಲ್ಲೆಲ್ಲ ಹೀಗೆ ಬಿಡುತ್ತಿದ್ದರು. ಅಲ್ಲಿ ಇವುಗಳನ್ನು ಹಿಡಿದು ತಿನ್ನುವ ಪ್ರಾಣಿ ಯಾವುದೂ ಇಲ್ಲ. ದೊಡ್ಡ ಮರಗಳನ್ನು ಅವು ಏನೂ ಮಾಡಲಿಲ್ಲ. ಆದರೆ ಬೀಜ ಮೊಳೆತು ಎರಡೆಲೆ ಬಿಟ್ಟ ಕೂಡಲೇ ಕಚ್ಚಿ ತಿಂದವು. ಹೀಗೆ ವರ್ಷಗಟ್ಟಲೆ, ನೂರು ವರ್ಷಕ್ಕೂ ಜಾಸ್ತಿ. ಹಳೆ ಮರ ಚಂಡಮಾರುತಕ್ಕೆ ಬಿತ್ತು ಅಂದರೆ ಅದರ ಜಾಗದಲ್ಲಿ ಇನ್ನೊಂದು ಏಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಮರ ಇದೆ ಎಂದೇ ಅನಿಸುತ್ತದೆ, ಆದರೆ ಎಲ್ಲವೂ ಮುದಿ ಮರಗಳು. ಬೇರು ಹಿಡಿದಿಟ್ಟ ಮಣ್ಣು ಒಂದೊಂದೇ ಮಳೆಗೆ ಸಮುದ್ರಕ್ಕೆ ಹೋಯಿತು. ದ್ವೀಪದ ಮೇಲ್ಭಾಗದಲ್ಲಿದ್ದ ಗಟ್ಟಿಮರಗಳ ಕಾಡಂತೂ ಪೂರ್ತಿ ಹೋಯಿತು. ಕೆಳಗೆ ಪಾಮ್ ಮರಗಳು ಅಲ್ಲೊಂದು ಇಲ್ಲೊಂದು ಉಳಿದವು.

ಇನ್ನು ಹಾವಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಅಲ್ಲಿ ಲಟಾನಿಯಾ ಅನ್ನುವ ಪಾಮ್ ಇದೆ, ಬೀಸಣಿಗೆಯ ಆಕಾರದ ದಪ್ಪ ಎಲೆ. ಒಣಗಿದ ಎಲೆ ಬುಡದಲ್ಲಿ ರಾಶಿ ಬೀಳುತ್ತದೆ. ಉರಿಬಿಸಿಲಲ್ಲೂ ಆ ರಾಶಿಯ ಅಡಿಯಲ್ಲಿ ತಂಪು. ಹಲ್ಲಿ, ಹಾವುರಾಣಿಗಳು ಇರುವುದು ಅಲ್ಲಿ, ಅವುಗಳನ್ನು ತಿನ್ನುವ ಬೋವಾ ಹಗಲು ಮಲಗುವುದೂ ಅಂಥದ್ದೇ ಜಾಗದಲ್ಲಿ, ಇಲ್ಲವೇ ಸಮುದ್ರ ಹಕ್ಕಿಗಳು ಮೊಟ್ಟೆ ಇಡಲು ತೋಡಿದ ಬಿಲದಲ್ಲಿ. ಬಿಲ ತೋಡಲು ಮಣ್ಣು ಬೇಕು. ಎಲೆ ಬೀಳಲು ಮರ ಬೇಕು. ಮೊಲ ಹಾವಿನ ಊಟ ಕಸಿಯಲಿಲ್ಲ, ಮೈ ಮೇಲೂ ಬರಲಿಲ್ಲ. ಹಾವು ಕೂತಿದ್ದ ನೆಲವನ್ನೇ ತಿಂದು ಹಾಕಿತು.

ಇದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. ಆ ದ್ವೀಪದಲ್ಲಿ ಇದೇ ಕುಟುಂಬದ ಎರಡು ಹಾವುಗಳಿದ್ದವು. ಎರಡನೆಯದು ಮಣ್ಣಿನೊಳಗೆ ತೂರಿಕೊಂಡು ಬದುಕುವ ಬೋವಾ. ಮಣ್ಣೇ ಇಲ್ಲದ ಮೇಲೆ ಅದಕ್ಕೆ ಏನು ಗತಿ? ಕೊನೆಯ ಸಲ ಕಂಡಿದ್ದು 1975ರಲ್ಲಿ. ಅಷ್ಟೇ. ಆಡುಗಳನ್ನು ಪೂರ್ತಿ ತೆಗೆದದ್ದು 1979ರಲ್ಲಿ, ಮೊಲಗಳನ್ನು 1986ರಲ್ಲಿ. ಲೆಕ್ಕ ಹಾಕಿ ನೋಡಿ, ಇಪ್ಪತ್ತು ವರ್ಷ ಮೊದಲೇ ಮನಸ್ಸು ಮಾಡಿದ್ದರೆ ಎರಡೂ ಉಳಿಯುತ್ತಿದ್ದವೋ ಏನೋ. ದ್ವೀಪಕ್ಕೆ 1957ರಲ್ಲೇ ಸಂರಕ್ಷಿತ ಪ್ರದೇಶ ಎಂದು ಹೆಸರು ಕೊಟ್ಟಿದ್ದರು ಬೇರೆ. ಬೋರ್ಡ್ ಹಾಕಿದರೆ ಮೊಲಕ್ಕೆ ಓದಲು ಬರುತ್ತದಾ.

ಉಳಿದ ಬೋವಾ ಆ ಕುಟುಂಬದಲ್ಲಿ ಈಗ ಬದುಕಿರುವ ಒಂದೇ ಒಂದು. 1970ರ ದಶಕದಲ್ಲಿ ನೂರೂ ಇರಲಿಲ್ಲ ಎಂದು ಅಂದಾಜು. ಈಗ ಸಾವಿರ ದಾಟಿದೆ.

ಮಲ್ನಾಡ್_ಮಳೆ:

ಹಾವೂರು ಸರ್, ವಿವರಣೆ ಚೆನ್ನಾಗಿದೆ, ಆದರೆ ಪ್ರಶ್ನೆಯ ಎರಡನೇ ಭಾಗಕ್ಕೆ ನೀವು ಉತ್ತರ ಕೊಡಲಿಲ್ಲ. ನುಣುಚಿಕೊಂಡಿರಿ.

ಮೊಲ ತಾನಾಗಿ ಈಜಿಕೊಂಡು ಹೋಗಲಿಲ್ಲ. ಮನುಷ್ಯ ತನ್ನ ಹೊಟ್ಟೆಪಾಡಿಗೆ ತಂದು ಬಿಟ್ಟ. ಆಮೇಲೆ ಮನುಷ್ಯನಿಗೇ ಬೇಡ ಅನಿಸಿತು, ವಿಷ ಹಾಕಿದ. ಇದರಲ್ಲಿ ಮೊಲದ ತಪ್ಪೇನು? ಹಿಡಿದು ಬೇರೆ ಕಡೆ ಬಿಡಬಹುದಿತ್ತಲ್ಲ. ಅಪರೂಪದ ಹಾವು ಎಂದರೆ ಎಲ್ಲರೂ ದುಡ್ಡು ಕೊಡುತ್ತಾರೆ, ಮೊಲಕ್ಕೆ ಕೇಳುವವರಿಲ್ಲ. ನನಗೆ ಹಾವಿನ ಮೇಲೆ ಏನೂ ಕೋಪ ಇಲ್ಲ, ನಮ್ಮ ತೋಟದಲ್ಲಿ ಕೇರೆ ಹಾವು ಓಡಾಡಿಕೊಂಡಿದೆ, ಯಾರೂ ಮುಟ್ಟುವುದಿಲ್ಲ. ಆದರೆ ಅಪರೂಪ ಎನ್ನುವ ಕಾರಣಕ್ಕೆ ಒಂದು ಜೀವಕ್ಕೆ ಬೆಲೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಅಂದರೆ ಒಪ್ಪಲು ಕಷ್ಟ.

ಹಾವೂರು:

ನುಣುಚಿಕೊಳ್ಳಲಿಲ್ಲ ಮಾರಾಯ್ರೆ, ಬರೆದು ಕೈ ಸೋತಿತ್ತು.

ಹಿಡಿಯುವುದು ಅಂದಿರಿ. ಆ ಇಳಿಜಾರು, ಆ ಕೊರಕಲು, ಬಿಲದೊಳಗೆ ಮೊಲ. ಒಂದು ಜೋಡಿ ಉಳಿದರೂ ನಾಲ್ಕೈದು ವರ್ಷಕ್ಕೆ ಮತ್ತೆ ಅಷ್ಟೇ ಆಗುತ್ತದೆ, ಅಂದರೆ ಆ ಕೊಲ್ಲುವ ಕೆಲಸ ಎಂದಿಗೂ ಮುಗಿಯುವುದಿಲ್ಲ. ನ್ಯೂಜಿಲೆಂಡ್‌ನಿಂದ ಈ ಕೆಲಸದಲ್ಲಿ ಪಳಗಿದವರನ್ನು ಕರೆಸಿದ್ದು ಅದಕ್ಕೇ. ಮಾಡಿದರೆ ಒಂದೇ ಸಲ, ಪೂರ್ತಿ. ಅರ್ಧಂಬರ್ಧ ಮಾಡಿದ್ದರೆ ಸತ್ತ ಮೊಲಗಳ ಸಂಖ್ಯೆ ಇನ್ನೂ ಜಾಸ್ತಿ ಆಗುತ್ತಿತ್ತು.

ಇನ್ನೊಂದು, ಇದು ಬರೀ ಹಾವಿನ ಲೆಕ್ಕ ಅಲ್ಲ. ಅಲ್ಲಿ ಟೆಲ್ಫೇರ್ ಹಾವುರಾಣಿ, ಗುಂಥರ್ ಹಲ್ಲಿ, ರಾತ್ರಿ ಓಡಾಡುವ ಒಂದು ಸಣ್ಣ ಹಲ್ಲಿ, ಹಲವು ಪಾಮ್‌ಗಳು, ಸಮುದ್ರ ಹಕ್ಕಿಗಳು, ಇವೆಲ್ಲ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿದ್ದವು. ಮೊಲ ಜಗತ್ತಿನ ತುಂಬ ಇದೆ. ಇವು ಅಲ್ಲಿ ಹೋದರೆ ಪೂರ್ತಿ ಹೋದವು. ಒಂದು ಮೊಲದ ನೋವು ಒಂದು ಹಾವಿನ ನೋವಿಗಿಂತ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಆದರೆ ಸುಮ್ಮನೆ ಕೂತಿದ್ದರೂ ಅದೂ ಒಂದು ತೀರ್ಮಾನವೇ, ಆಗ ಹಾವು ಸಾಯುತ್ತಿತ್ತು, ಕೊನೆಗೆ ತಿನ್ನಲು ಏನೂ ಇಲ್ಲದೆ ಮೊಲವೂ ಸಾಯುತ್ತಿತ್ತು.

ಮಲ್ನಾಡ್_ಮಳೆ:

ಆ ಕೊನೆಯ ಮಾತು ಒಪ್ಪಿದೆ. ಉಳಿದದ್ದಕ್ಕೆ ಇನ್ನೂ ಮನಸ್ಸು ಒಪ್ಪುತ್ತಿಲ್ಲ, ಇರಲಿ.

ಪೋರ್ಟ್‌ಲೂಯಿ_ಕನ್ನಡಿಗ:

ತಡವಾಗಿ ಬಂದೆ. ಕೆಲಸದ ಮೇಲೆ ಇಲ್ಲೇ ಮಾರಿಷಸ್‌ನಲ್ಲಿ ಇದ್ದೇನೆ, ಹಾಗಾಗಿ ಒಂದೆರಡು ಮಾತು.

ದೋಣಿಯವನು ಬೇರೆಲ್ಲೂ ಇಲ್ಲ ಎಂದಿದ್ದು ಮೊದಲಾದರೆ ಸರಿ. 2012ರಲ್ಲಿ 60 ಬೋವಾಗಳನ್ನು ಹಿಡಿದು ಕ್ವಾನ್ ದ ಮೀರ್ ದ್ವೀಪದಲ್ಲಿ ಬಿಟ್ಟರು. ಇಂಗ್ಲಿಷಿನಲ್ಲಿ ಗನ್ನರ್ಸ್ ಕ್ವಾಯ್ನ್ ಎನ್ನುತ್ತಾರೆ. ಕಡಲಂಚು ಅವರೇ, ನೀವು ಫ್ಲಾಟ್ ಐಲ್ಯಾಂಡ್ ಕಡೆ ಹೋಗಿದ್ದರೆ ಅದರ ಪಕ್ಕದಲ್ಲೇ ಹೋಗಿರುತ್ತೀರಿ, ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಓರೆಯಾಗಿ ಇಳಿದಿರುವುದು. ಒಂದೇ ದ್ವೀಪದಲ್ಲಿ ಎಲ್ಲಾ ಹಾವು ಇಟ್ಟುಕೊಂಡರೆ ಒಂದು ಬೆಂಕಿ, ಒಂದು ದೊಡ್ಡ ಚಂಡಮಾರುತ, ಒಂದು ರೋಗ ಸಾಕು. ಅದಕ್ಕೇ ಎರಡನೇ ಮನೆ.

ಆದರೆ ಹಾವು ತಂದು ಬಿಟ್ಟರೆ ಆಗಲಿಲ್ಲ. ಮೊದಲು ಅಲ್ಲಿದ್ದ ಇಲಿಗಳನ್ನು ತೆಗೆಯಬೇಕಾಯಿತು. ಆಮೇಲೆ ಟೆಲ್ಫೇರ್ ಹಾವುರಾಣಿಗಳನ್ನು ರೌಂಡ್ ಐಲ್ಯಾಂಡ್‌ನಿಂದ ತಂದು ಬಿಟ್ಟು, ಅವು ಮೊಟ್ಟೆ ಇಟ್ಟು ಹೆಚ್ಚಾಗುವ ತನಕ ಕಾದರು. ಅವು ಹಾವಿನ ಊಟ ತಾನೆ. ಊಟ ಸಿದ್ಧವಾದ ಮೇಲೆ ಹಾವು ಬಂತು.

ಇಲಿ ಅಂದೆನಲ್ಲ, ಇಡೀ ಕಥೆಯ ಕೀಲಿ ಅಲ್ಲಿದೆ. ಈ ಬೋವಾ ಒಂದು ಕಾಲದಲ್ಲಿ ಮಾರಿಷಸ್ ಮುಖ್ಯ ದ್ವೀಪದಲ್ಲೂ ಇತ್ತು, ಮೂಳೆಗಳು ಸಿಕ್ಕಿವೆ. ಡಚ್ಚರು ಇಲ್ಲಿಗೆ ಬಂದಿದ್ದು 1598ರಲ್ಲಿ. ಹಡಗುಗಳ ಜೊತೆ ಇಲಿ ಬಂತು, ಆಮೇಲೆ ಹಂದಿ, ಬೆಕ್ಕು, ಕೋತಿ. ಮೊಟ್ಟೆ ಇಡುವ, ನಿಧಾನಕ್ಕೆ ಹರಿದಾಡುವ ಹಾವು ಇವೆಲ್ಲದರ ಎದುರು ಎಷ್ಟು ದಿನ ತಡೆಯುತ್ತದೆ? ರೌಂಡ್ ಐಲ್ಯಾಂಡ್‌ಗೆ ಮಾತ್ರ ಇಲಿ ಇವತ್ತಿನವರೆಗೂ ಹೋಗಿಲ್ಲ. ಅಲ್ಲಿ ದೋಣಿ ಕಟ್ಟುವ ಜಾಗವೇ ಇಲ್ಲ, ಅಲೆ ಏರಿದಾಗ ಬಂಡೆಗೆ ಹಾರಬೇಕು. ಆ ಕಷ್ಟವೇ ಹಾವನ್ನು ಕಾಪಾಡಿತು. ಈಗಲೂ ಕೆಲಸಕ್ಕೆ ಹೋಗುವವರ ಚೀಲ, ಬೂಟು, ಬಟ್ಟೆಯ ಹೊಲಿಗೆಯನ್ನೂ ತಪಾಸಣೆ ಮಾಡಿ ಕಳಿಸುತ್ತಾರೆ. ಒಂದು ಹುಲ್ಲಿನ ಬೀಜ, ಒಂದು ಇರುವೆ ಹೋಗಬಾರದು.

ಈಗ ನಮ್ಮವರಿಗೆ ತಮಾಷೆ ಅನಿಸುವ ವಿಷಯ. ಮಾರಿಷಸ್‌ಗೆ ತೊಂದರೆ ಕೊಟ್ಟ ಪ್ರಾಣಿಗಳ ಪಟ್ಟಿ ನೋಡಿದರೆ ನಮ್ಮ ಹಿತ್ತಲಿನ ಹಾಜರಿ ಪುಸ್ತಕದ ಹಾಗಿದೆ. ಗೊರವಂಕ ಇದೆ, ಮಿಡತೆ ತಿನ್ನಲಿ ಎಂದು 18ನೇ ಶತಮಾನದಲ್ಲೇ ಭಾರತದಿಂದ ತಂದಿದ್ದು. ಸೊಂಡಿಲಿ ಇದೆ. ಓತಿಕ್ಯಾತ ಬೇಲಿ ಬೇಲಿಯ ಮೇಲೂ ಇದೆ, ಇಲ್ಲಿನವರು ಅದನ್ನು ಊಸರವಳ್ಳಿ ಎಂದೇ ಕರೆಯುತ್ತಾರೆ. ಮುಂಗುಸಿಯನ್ನು 1900ರಲ್ಲಿ ಇಲಿ ಹಿಡಿಯಲಿ ಎಂದು ತಂದರು, ಅದು ಇಲಿ ಬಿಟ್ಟು ಕೋಳಿ, ಹಕ್ಕಿ ಎಲ್ಲಾ ತಿಂದಿತು. ನಮ್ಮ ಮನೆಗಳಲ್ಲಿ ಹಲ್ಲಿ ಹಿಡಿಯಲು ಬಂದು ಕಟ್ಟುಹಾವು ಎಂದು ಎಲ್ಲರನ್ನೂ ಹೆದರಿಸುವ ತೋಳ ಹಾವೂ ಇದೆ. ಮಾರಿಷಸ್‌ನಲ್ಲಿ ನೀವು ಹಾವು ಕಂಡರೆ ಅದು ಬಹುಶಃ ಅದೇ. ಊರಿನಲ್ಲಿ ಇವೆಲ್ಲ ಪಾಪದ ಪ್ರಾಣಿಗಳು. ಇಲ್ಲಿ ಇವುಗಳನ್ನು ನೋಡಿದರೆ ಸಂರಕ್ಷಣೆಯವರ ಮುಖ ಕೆಂಪಾಗುತ್ತದೆ.

ಮಲ್ನಾಡ್_ಮಳೆ ಅವರ ಮಾತಿಗೆ ಒಂದು ಸೇರ್ಪಡೆ. ಆಡು, ಮೊಲ ಹೋದ ಮೇಲೆ ಎಲ್ಲಾ ಸರಿಹೋಯಿತು ಎಂದೇನಲ್ಲ. ಪಾಮ್ ಸಸಿಗಳು ಎದ್ದವು ನಿಜ, ಅದರ ಜೊತೆಗೆ ಹೊರಗಿನಿಂದ ಬಂದ ಕಳೆಯೂ ಎದ್ದಿತು. ಯಾಕೆಂದರೆ ಮೊದಲು ಇಲ್ಲಿ ಮೇಯುತ್ತಿದ್ದದ್ದು ದೈತ್ಯ ಆಮೆಗಳು. ಮಾರಿಷಸ್‌ನ ಎರಡು ಜಾತಿಯ ಆಮೆಗಳನ್ನೂ ಹಡಗಿನವರು ತಿಂದು ಮುಗಿಸಿದ್ದರು. ಆ ಕೆಲಸಕ್ಕೆ ಈಗ ಸೇಶೆಲ್ಸ್‌ನ ಅಲ್ಡಾಬ್ರಾ ಆಮೆಗಳನ್ನು ತಂದು ಬಿಟ್ಟಿದ್ದಾರೆ, 2007ರಿಂದ ಶುರು, ಈಗ ನೂರಾರು ಇವೆ. ಅವು ಕಳೆ ಮೇಯುತ್ತವೆ, ಅಲ್ಲಿನದೇ ಗಿಡಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆಮೆ ಮೇಯುವ ನೆಲದಲ್ಲೇ ಬೆಳೆದು ಬಂದ ಗಿಡಗಳಲ್ಲವೇ, ಅದರ ಬಾಯಿಗೆ ಸಿಗದ ಹಾಗೆ ಬದುಕಲು ಕಲಿತಿವೆ.

ಗಿಡದಂಗಡಿ:

ಹಾವಿನ ವಿಷಯ ನನಗೆ ಗೊತ್ತಿಲ್ಲ, ಆದರೆ ಪಾಮ್ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ನರ್ಸರಿ ಇಟ್ಟುಕೊಂಡವನು ನಾನು.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಗೇಟಿನ ಎರಡೂ ಕಡೆ, ಕಲ್ಯಾಣ ಮಂಟಪದ ಮುಂದೆ, ಬುಡ ಉಬ್ಬಿಕೊಂಡು ಮೇಲೆ ಕತ್ತು ಸಣ್ಣಗಾಗಿರುವ ಗಿಡ್ಡ ಮರ ನೋಡಿರುತ್ತೀರಿ. ಬಾಟಲ್ ಪಾಮ್. ಅದರ ಸ್ವಂತ ಊರು ಈ ರೌಂಡ್ ಐಲ್ಯಾಂಡ್! ಕಾಡಿನಲ್ಲಿ ಅದು ಉಳಿದಿದ್ದು ಅಲ್ಲಿ ಮಾತ್ರ, ಅದೂ ಒಂದು ಹಂತದಲ್ಲಿ ಬೆರಳೆಣಿಕೆಯಷ್ಟು ದೊಡ್ಡ ಮರಗಳು. ಇಲ್ಲಿ ನಾವು ಕುಂಡದಲ್ಲಿ ಸಾಲಾಗಿ ಇಟ್ಟು ಮಾರುತ್ತೇವೆ, ಅಲ್ಲಿ ಒಂದು ಸಸಿ ಏಳಲು ಮೊಲ ಬಿಡುತ್ತಿರಲಿಲ್ಲ. ಮೊಳೆತ ಪಾಮ್ ಸಸಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಾಗುತ್ತದೆ, ಮೊದಲು ಏಳುವುದು ಮಡಚಿದ ಒಂದೇ ಒಂದು ಎಲೆ, ಚಾಕುವಿನ ಅಲಗಿನ ಹಾಗೆ. ಬೆಳೆಯುವ ತುದಿ ಅದರ ಬುಡದಲ್ಲೇ ಇರುತ್ತದೆ. ಅದನ್ನು ಬುಡದವರೆಗೆ ಕಚ್ಚಿದರೆ ಮುಗಿಯಿತು, ಬೇರೆ ಗಿಡದ ಹಾಗೆ ಪಕ್ಕದಿಂದ ಚಿಗುರುವುದಿಲ್ಲ. ಹಾಗಾಗಿ ಮೊಲದ ಕಥೆ ಓದಿ ನನಗೆ ಆಶ್ಚರ್ಯ ಆಗಲಿಲ್ಲ.

ಅಲ್ಲೇ ಇರುವ ಇನ್ನೊಂದು ಪಾಮ್, ಹರಿಕೇನ್ ಪಾಮ್ ಅನ್ನುವುದರ ಒಂದು ಬಗೆ, ಕಾಡಿನಲ್ಲಿ ಒಂದೋ ಎರಡೋ ಮರಕ್ಕೆ ಇಳಿದಿತ್ತು. ಒಂದೇ ಮರ ಇದ್ದರೂ ಬೀಜದಿಂದ ಸಸಿ ಮಾಡಬಹುದು ಎನ್ನುವುದು ಈ ಪಾಮ್‌ನ ಪುಣ್ಯ. ಹಾವಿಗೆ ಆ ಅನುಕೂಲ ಇಲ್ಲ.

ಕಡಲಂಚು:

ಅಬ್ಬಾ, ಇಷ್ಟೆಲ್ಲಾ ಇದೆಯಾ! ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲೂ ಆ ಬಾಟಲ್ ಪಾಮ್ ಇದೆ.

ಎರಡು ಸಣ್ಣ ಪ್ರಶ್ನೆ. ಬೋವಾ ಎಂದರೆ ನಮ್ಮ ಮಣ್ಣುಮುಕ್ಕನ ಸಂಬಂಧಿಯಾ? ಮತ್ತೆ ಆ ಹಾವನ್ನು ನೋಡಲು ಸಾಮಾನ್ಯ ಜನಕ್ಕೆ ಏನಾದರೂ ದಾರಿ ಇದೆಯಾ, ಮುಂದಿನ ಸಲ ಹೋದರೆ?

ಹಾವೂರು:

ಬೋವಾ ಅನ್ನುವ ಹೆಸರು ಬಿಟ್ಟರೆ ಹತ್ತಿರದ ನಂಟು ಇಲ್ಲ. ಮಣ್ಣುಮುಕ್ಕ ಮರಿ ಹಾಕುತ್ತದೆ, ಇದು ಮೊಟ್ಟೆ ಇಡುತ್ತದೆ. ಕುಟುಂಬವೇ ಬೇರೆ. ಎರಡು ತಲೆ ಹಾವು, ಅದೃಷ್ಟ ತರುತ್ತದೆ ಎಂದು ಮಣ್ಣುಮುಕ್ಕನನ್ನು ಹಿಡಿದು ಲಕ್ಷಗಟ್ಟಲೆಗೆ ಮಾರಲು ಹೋಗಿ ಪೊಲೀಸರಿಗೆ ಸಿಕ್ಕಿಬೀಳುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.

ಈ ಹಾವಿನ ವಿಶೇಷ ಇರುವುದು ದವಡೆಯಲ್ಲಿ. ನಮ್ಮ ಹಾಗೆ, ನಾಯಿ, ಮೊಸಳೆ, ಬೇರೆ ಹಾವುಗಳ ಹಾಗೆ ಮೇಲಿನ ದವಡೆಯ ಮೂಳೆ ಪ್ರತಿ ಪಕ್ಕದಲ್ಲೂ ಒಂದೇ ತುಂಡಾಗಿ ಇಲ್ಲ. ಮುಂದೊಂದು, ಹಿಂದೊಂದು, ನಡುವೆ ಕೀಲು. ಬೆನ್ನುಮೂಳೆ ಇರುವ ಬೇರೆ ಯಾವ ಪ್ರಾಣಿಯಲ್ಲೂ ಇದು ಇಲ್ಲ. ಹಾವುರಾಣಿಯನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಮೈ ಎಷ್ಟು ನುಣುಪು, ಎಷ್ಟು ಗಟ್ಟಿ, ಹೇಗೆ ಜಾರುತ್ತದೆ. ಅಂಥದ್ದರ ಮೈ ಸುತ್ತ ಬಾಗಿ ಕಚ್ಚಿ ಹಿಡಿಯಲು ಈ ಮಡಚುವ ದವಡೆ ಅನುಕೂಲ ಎನ್ನುತ್ತಾರೆ. ಮೈ ಮೇಲಿನ ಹುರುಪೆಗಳು ಸಣ್ಣವು, ಪ್ರತಿಯೊಂದರ ನಡುವೆಯೂ ಒಂದು ಏಣು, ಹಾಗಾಗಿ ಹೊಳಪಿಲ್ಲ. ಮರಿಗಳು ಕಿತ್ತಳೆ ಬಣ್ಣ, ದೊಡ್ಡದಾದ ಮೇಲೆ ಕಂದು ಬೂದು. ದೊಡ್ಡ ಹಾವಿನ ಬಣ್ಣ ಹಗಲು ಒಂದು ಥರ, ರಾತ್ರಿ ಇನ್ನೊಂದು ಥರ.

ಹಲ್ಲಿ, ಹಾವುರಾಣಿಯೇ ಬೇಕು ಎನ್ನುವ ಈ ಹಾವಿನ ಚಟ ಅದನ್ನು ಸಾಕುವವರಿಗೂ ತಲೆನೋವು. 1970ರ ದಶಕದ ಕೊನೆಯಲ್ಲಿ ಬ್ರಿಟಿಷ್ ಪ್ರಾಣಿ ಸಂರಕ್ಷಕ ಜೆರಾಲ್ಡ್ ಡರೆಲ್ ಅವರ ತಂಡ ಕೆಲವು ಬೋವಾಗಳನ್ನು ಜರ್ಸಿ ದ್ವೀಪದ ಮೃಗಾಲಯಕ್ಕೆ ಒಯ್ದಿತು. ಅಲ್ಲಿ ದ್ವೀಪದಲ್ಲಿ ಏನಾದರೂ ಆದರೆ ಇಲ್ಲಿ ನಾಲ್ಕು ಉಳಿಯಲಿ ಎಂಬ ಲೆಕ್ಕ. ಮೊಟ್ಟೆ ಇಟ್ಟವು, ಮರಿಗಳೂ ಬಂದವು. ಆದರೆ ಸಾಕುವ ಹಾವುಗಳಿಗೆಲ್ಲ ಹಾಕುವ ಇಲಿಮರಿ ಇವುಗಳ ಮರಿಗಳಿಗೆ ಸುಲಭಕ್ಕೆ ರುಚಿಸುವುದಿಲ್ಲ. ಮನೆ ಉಳಿಸದೆ ಹಾವು ಮಾತ್ರ ಉಳಿಸುತ್ತೇವೆ ಎಂದು ಹೊರಟವರು ಇಂಥ ಕಡೆ ಸೋಲುತ್ತಾರೆ. ಇಲ್ಲಿ ಗೆದ್ದಿದ್ದು ದ್ವೀಪವನ್ನೇ ರಿಪೇರಿ ಮಾಡಿದ್ದಕ್ಕೆ.

ತರ್ಲೆ_ತಿಮ್ಮ:

ನಾನೂ ಹುಡುಕಿದೆ ಈಗ. ರೌಂಡ್ ಐಲ್ಯಾಂಡ್ ಪಕ್ಕದಲ್ಲಿ ಸರ್ಪೆಂಟ್ ಐಲ್ಯಾಂಡ್ ಅಂತ ಇನ್ನೊಂದು ಇದೆಯಂತೆ, ಅಲ್ಲಿ ಒಂದೂ ಹಾವಿಲ್ಲವಂತೆ. ಬರೀ ಹಕ್ಕಿ. ರೌಂಡ್ ಐಲ್ಯಾಂಡ್ ಕೂಡ ದುಂಡಗಿಲ್ಲ. ಹೆಸರಿಟ್ಟವರು ಯಾರೋ ನನ್ನ ಕ್ಲಾಸ್‌ಮೇಟ್ ಇರಬೇಕು.

ಪೋರ್ಟ್‌ಲೂಯಿ_ಕನ್ನಡಿಗ:

ಹಹ್ಹ, ತಿಮ್ಮ ಈ ಸಲ ಸರಿಯಾಗಿ ಹೇಳಿದರು.

ನೋಡುವ ವಿಷಯ. ರೌಂಡ್ ಐಲ್ಯಾಂಡ್‌ಗೆ ಪ್ರವಾಸಿಗಳಿಗೆ ಬಿಡುವುದಿಲ್ಲ, ಕ್ವಾನ್ ದ ಮೀರ್‌ನಲ್ಲೂ ಇಳಿಯಲು ಆಗುವುದಿಲ್ಲ, ದೋಣಿಯಿಂದಲೇ ನೋಡಬೇಕು. ಯಾರಾದರೂ ದುಡ್ಡು ಕೊಟ್ಟರೆ ಇಳಿಸುತ್ತೇನೆ ಎಂದರೆ ದಯವಿಟ್ಟು ಹೋಗಬೇಡಿ. ನಿಮ್ಮ ಚೀಲದಲ್ಲಿ ಏನು ಕೂತಿದೆ ಎಂದು ನಿಮಗೇ ಗೊತ್ತಿರುವುದಿಲ್ಲ.

ಬದಲಿಗೆ ಆಗ್ನೇಯದ ಮಾಹೆಬೂರ್ ಹತ್ತಿರ ಇಲ್ ಓ ಎಗ್ರೆಟ್ ಎಂಬ ಸಣ್ಣ ದ್ವೀಪ ಇದೆ. ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್‌ನವರು ಗೈಡ್ ಜೊತೆ ಕರೆದುಕೊಂಡು ಹೋಗುತ್ತಾರೆ, ದೋಣಿಯಲ್ಲಿ ಸ್ವಲ್ಪ ಹೊತ್ತು ಅಷ್ಟೇ. ಅಲ್ಲಿ ಬೋವಾ ಇಲ್ಲ. ಅದರ ಊಟ ಇದೆ, ಟೆಲ್ಫೇರ್ ಹಾವುರಾಣಿ, ಅಲ್ಲಿಗೂ ಹೀಗೇ ತಂದು ಬಿಟ್ಟಿದ್ದು. ಅಲ್ಡಾಬ್ರಾ ಆಮೆ, ಪಿಂಕ್ ಪಾರಿವಾಳ ಕೂಡ ಕಾಣುತ್ತವೆ. ಆ ಹಾವುರಾಣಿಗಳಿಗೆ ಭಯ ಅನ್ನುವುದೇ ಇಲ್ಲ, ಏನಾದರೂ ತಿನ್ನಲು ಸಿಗುತ್ತದಾ ಎಂದು ಬೂಟಿನ ಹತ್ತಿರಕ್ಕೇ ಬರುತ್ತವೆ. ಬಿಸ್ಕತ್ತು ಹಾಕಬೇಡಿ, ಗೈಡ್ ಬಯ್ಯುತ್ತಾರೆ. ಮಕ್ಕಳಿದ್ದರೆ ಮೊದಲೇ ಹೇಳಿ ಇಟ್ಟಿರಿ, ಮತ್ತೆ ಬೆಳಗಿನ ಹೊತ್ತಿಗೇ ಬುಕ್ ಮಾಡಿ, ಮಧ್ಯಾಹ್ನ ಆ ಹವಳದ ಕಲ್ಲಿನ ಮೇಲೆ ಬಿಸಿಲು ತಡೆಯಲು ಆಗುವುದಿಲ್ಲ.